ಲಾಲಿಕ್ ಹೂದಾನಿಯ ಒಳಗೋಡೆಯ ಮಸುಕು: ತೆಗೆಯಬಹುದೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಲಿಯೋನ್‌ನಲ್ಲಿರುವ ನಾನು ಇಲ್ಲಿನ ಹರಾಜೊಂದರಲ್ಲಿ ಫ್ರೆಂಚ್ ಗಾಜುಕಲಾವಿದ ರೆನೆ ಲಾಲಿಕ್ ಅವರ ‘ಸೆಲಾನ್’ ಹೂದಾನಿಯನ್ನು ಕೊಂಡಿದ್ದೇನೆ. 1924ರ ವಿನ್ಯಾಸ, ಮೈಸುತ್ತ ಜೋಡಿ ಗಿಳಿಗಳು, ಹಾಲುನೀಲಿ ಹೊಳಪಿನ ಗಾಜು, ಉಬ್ಬುಚಿತ್ರದ ಸಂದುಗಳಲ್ಲಿ ನಸುನೀಲಿ ಬಣ್ಣ. ತಳದಲ್ಲಿ ‘ಆರ್. ಲಾಲಿಕ್’ ಎಂಬ ಗುರುತಿದೆ. ಹರಾಜಿನಲ್ಲಿ ನೋಡಿದಾಗ ಒಳಭಾಗ ಸ್ವಚ್ಛವಾಗಿತ್ತು, ಮನೆಗೆ ತಂದು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬೂದುಬಣ್ಣದ ಮಸುಕು ಕಾಣಿಸಿಕೊಂಡಿದೆ. ಒದ್ದೆ ಇರುವಾಗ ಅದು ಕಾಣುವುದಿಲ್ಲ. ಅಕ್ಕಿಕಾಳು ಹಾಕಿ ಕುಲುಕಿದರೆ ಹೋಗಬಹುದೇ?

ಉತ್ತರ:
ದಯವಿಟ್ಟು ಅಕ್ಕಿಯನ್ನಾಗಲಿ ಮರಳನ್ನಾಗಲಿ ಹಾಕಬೇಡಿ. ಎಣ್ಣೆಯ ಬಾಟಲಿಗೆ ಒಗ್ಗುವ ಆ ಉಪಾಯ ಇಂಥ ಗಾಜಿನ ಮೇಲೆ ಸಣ್ಣ ಗೀರುಗಳನ್ನು ಉಳಿಸಬಹುದು. ಮಸುಕಾದ ಗಾಜಿಗೆ ತೆಳುವಾಗಿ ಎಣ್ಣೆ ಸವರಿದರೆ ಅದು ತಾತ್ಕಾಲಿಕವಾಗಿ ತಿಳಿಯಾಗಿ ಕಾಣುತ್ತದೆ. ಸೋಪು ಬಿದ್ದೊಡನೆ ನಿಜ ಹೊರಬರುತ್ತದೆ. ನಿಮ್ಮ ಹೂದಾನಿಗೂ ಹಾಗೆಯೇ ಆಗಿರುವ ಸಾಧ್ಯತೆ ಹೆಚ್ಚು.

ಮಸುಕಿನಲ್ಲಿ ಎರಡು ಬಗೆಯಿದೆ, ಯಾವುದೆಂದು ತಿಳಿಯದೆ ಕೈಹಾಕುವುದು ಸರಿಯಲ್ಲ. ಮೊದಲನೆಯದು ಗಡಸು ನೀರು ಬಿಟ್ಟುಹೋದ ಸುಣ್ಣದ ಪದರ. ನೀರು ನಿಂತಿದ್ದ ಮಟ್ಟದಲ್ಲಿ ಬಳೆಯಂತೆ ಕಾಣುತ್ತದೆ, ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಎರಡನೆಯದು ಗಾಜೇ ಕೊಳೆತಿರುವುದು. ಹೂವಿಟ್ಟ ನೀರು ಬಹುಕಾಲ ನಿಂತಾಗ ಗಾಜಿನೊಳಗಿನ ಸೋಡಿಯಂ, ಪೊಟ್ಯಾಸಿಯಂಗಳು ನೀರಿಗೆ ಇಳಿದು, ಆ ನೀರು ಕ್ಷಾರವಾಗುತ್ತ ಹೋಗಿ, ಕೊನೆಗೆ ಸಿಲಿಕಾದ ಹೆಣಿಗೆಯನ್ನೇ ಕರಗಿಸತೊಡಗುತ್ತದೆ. ಮೇಲಂಟಿದ ಕೊಳೆ ತೊಳೆದರೆ ಹೋದೀತು, ಗಾಜಿನಿಂದಲೇ ಕಳೆದುಹೋದದ್ದನ್ನು ತೊಳೆದು ತರಲಾಗದು.

ಪರೀಕ್ಷೆ ಹೀಗೆ ಮಾಡಿ. ಅಂಗಡಿಯ ಬಿಳಿ ವಿನಿಗರ್‌ಗೆ ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರು ಬೆರೆಸಿ, ಮಸುಕಿರುವ ಮಟ್ಟದವರೆಗೆ ಮಾತ್ರ ಒಳಗೆ ತುಂಬಿ, ಕೆಲವು ಗಂಟೆ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ನೋಡಿ. ಹೊರಮೈಗೆ ಒಂದು ಹನಿಯೂ ತಾಗಬಾರದು. ಸಂದುಗಳಲ್ಲಿರುವ ನೀಲಿ ಗಾಜಿನ ಬಣ್ಣವಲ್ಲ, ಕಾರ್ಖಾನೆಯಲ್ಲಿ ಮೇಲೆ ಹಚ್ಚಿ ಒರೆಸಿದ ‘ಪಟಿನಾ’ ಎಂಬ ಬಣ್ಣದ ಲೇಪ. ಅದು ಅಳಿಸಿಹೋದರೆ ಗಿಳಿಗಳ ಅಂದವೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಯಂತ್ರ ಎರಡೂ ನಿಷಿದ್ಧ.

ಪ್ರಶ್ನಿಸಿದವರು:
ತಾವು ಹೇಳಿದಂತೆಯೇ ಮಾಡಿದೆ. ಕತ್ತಿನ ಕೆಳಗಿದ್ದ ಬಳೆ ಸಂಪೂರ್ಣ ಹೋಯಿತು, ಕೆಳಗಿನ ಅರ್ಧದ ಮಸುಕು ಮಾತ್ರ ಹಾಗೆಯೇ ಇದೆ, ಮುಟ್ಟಿದರೆ ನುಣುಪು. ಆಮ್ಲದಿಂದ ಒಳಗನ್ನು ಹೊಳಪು ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ:
ಉಳಿದಿರುವುದು ಕೊಳೆತ ಗಾಜೇ ಎಂದು ತೋರುತ್ತದೆ. ಹೊಳಪು ಮಾಡುವುದೆಂದರೆ ಉಜ್ಜಿಯೋ ಹೈಡ್ರೋಫ್ಲೋರಿಕ್ ಆಮ್ಲದಿಂದಲೋ ಒಳಗಿನ ಒಂದು ಪದರವನ್ನು ತೆಗೆದುಹಾಕುವುದು. ಗೋಡೆ ತೆಳುವಾಗುತ್ತದೆ, ಆಮ್ಲ ಹೊರಗೆ ತಾಗಿದರೆ ಮಂಜಿನಂತೆ ಮಬ್ಬಾಗಿರುವ ಹೊರಮೈಯೂ ಪಟಿನಾವೂ ಕೆಡುತ್ತವೆ. ಲಾಲಿಕ್ ತೀರಿಕೊಂಡದ್ದು 1945ರಲ್ಲಿ; ಆ ಬಳಿಕ ಕಾರ್ಖಾನೆ ತನ್ನ ಗುರುತಿನಿಂದ ‘ಆರ್.’ ಅಕ್ಷರವನ್ನು ಕೈಬಿಟ್ಟಿತು. ನಿಮ್ಮ ಗುರುತು ಅಸಲಿಯಾಗಿದ್ದರೆ ಅವರ ಜೀವಿತಕಾಲದ ವಸ್ತು ನಿಮ್ಮ ಕೈಯಲ್ಲಿದೆ, ಅದರ ಮೂಲ ಮೇಲ್ಮೈ ಉಳಿಯುವುದು ಹೊಳಪಿಗಿಂತ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಹೇಗೂ ಈ ಹಾಲುನೀಲಿ ಗಾಜಿನಲ್ಲಿ ಒಳಮಸುಕು ತಿಳಿಗಾಜಿನಲ್ಲಿ ಕಂಡಷ್ಟು ಎದ್ದು ಕಾಣದು.

ಇನ್ನು ಮುಂದೆ ಒಣಗಿಸಿಯೇ ಇಡಿ. ಹೂವಿಡಲೇಬೇಕೆಂದರೆ ಒಳಗೆ ಬೇರೊಂದು ಸಣ್ಣ ಪಾತ್ರೆಯಿಟ್ಟು ಅದರಲ್ಲಿ ನೀರು ಹಾಕಿ. ಮುಂದೆಂದಾದರೂ ಮಾರುವುದಾದರೆ ಈ ಮಸುಕನ್ನು ವಿವರಣೆಯಲ್ಲಿ ಬರೆಯಿರಿ, ಒಣಗಿದ ಸ್ಥಿತಿಯ ಒಳಭಾಗದ ಚಿತ್ರವನ್ನೂ ಹಾಕಿ.