ಅಕ್ಕನ ಮಗನನ್ನು ಬಿಟ್ಟು ತಂಗಿಯ ಮಗನಿಗೆ ಪಟ್ಟ: 1267ರಲ್ಲಿ ಸೈಪ್ರಸ್‌ನಲ್ಲಿ ಹೀಗೇಕೆ ಮಾಡಿದರು?

ಲಿಮಸೋಲ್‌ವಾಸಿ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಸೈಪ್ರಸ್‌ಗೆ ಬಂದು ಎರಡು ವರ್ಷವಾಯಿತು. ಹೋದ ಭಾನುವಾರ ಗಡಿ ದಾಟಿ ಫಮಗುಸ್ತಾಗೆ ಹೋಗಿದ್ದೆ. ಅಲ್ಲಿ ಸೇಂಟ್ ನಿಕೋಲಸ್ ಅನ್ನುವ ದೊಡ್ಡ ಹಳೇ ಚರ್ಚ್ ಇದೆ. 1571ರಲ್ಲಿ ತುರ್ಕರು ಊರು ಗೆದ್ದ ಮೇಲೆ ಅದು ಮಸೀದಿಯಾಯಿತು. ಎದುರಿಗೆ ಒಂದು ಮುದಿ ಮರ. ನಮ್ಮೂರ ಅತ್ತಿ ಮರದ ಹಾಗೇ ದಪ್ಪ ಕೊಂಬೆಗೇ ಕಾಯಿ ಕಚ್ಚಿಕೊಂಡಿದ್ದವು. ನೋಡಿ ಮನೆ ನೆನಪಾಯಿತು.

ಅದರ ನೆರಳಲ್ಲಿ ಕೂತು, ಈ ದ್ವೀಪ ಆಳಿದ ಲೂಸಿನ್ಯಾನ್ ಮನೆತನದ ವಂಶವೃಕ್ಷ ಬರೆಯಲು ಶುರು ಮಾಡಿದೆ. 1192ರಲ್ಲಿ ಗೀ ಅನ್ನುವವನು ದ್ವೀಪವನ್ನು ದುಡ್ಡು ಕೊಟ್ಟು ಕೊಂಡ. ಅವನ ಅಣ್ಣ ಐಮರಿಗೆ 1197ರಲ್ಲಿ ಕಿರೀಟ ಬಂತು. ಅವನ ಮಗ ಮೊದಲನೇ ಹ್ಯೂ. ಇಲ್ಲಿವರೆಗೆ ಸಲೀಸು.

ಈ ಹ್ಯೂಗೆ ಮೂರು ಮಕ್ಕಳು: ಮಾರಿಯಾ, ಇಸಾಬೆಲ್ಲಾ, ಹೆನ್ರಿ. ಹೆನ್ರಿ ರಾಜನಾಗಿ 1253ರಲ್ಲಿ ತೀರಿಕೊಂಡ. ಅವನ ಮಗ ಎರಡನೇ ಹ್ಯೂ ಆಗ ಕೈಗೂಸು. ಆ ಹುಡುಗನೂ 1267ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ ಹೋಗಿಬಿಟ್ಟ. ಮಕ್ಕಳಿಲ್ಲ. ಉಳಿದವರು ಇಬ್ಬರು ಸೋದರತ್ತೆಯರ ಮಕ್ಕಳು. ದೊಡ್ಡತ್ತೆ ಮಾರಿಯಾಳ ಮಗ ಬ್ರಿಯೆನ್ ಮನೆತನದ ಹ್ಯೂ. ಚಿಕ್ಕತ್ತೆ ಇಸಾಬೆಲ್ಲಾಳ ಮಗ ಆಂಟಿಯೋಕ್ ಮನೆತನದ ಹ್ಯೂ. (ಇಬ್ಬರಿಗೂ ಅದೇ ಹೆಸರು!) ಪಟ್ಟ ಸಿಕ್ಕಿದ್ದು ಚಿಕ್ಕವಳ ಮಗನಿಗೆ. ಅವನೇ ಮೂರನೇ ಹ್ಯೂ.

ಅಕ್ಕನ ಮಗ ಬದುಕಿರುವಾಗ ತಂಗಿಯ ಮಗನಿಗೆ ಹೇಗೆ ಹೋಯಿತು? ಸುಮ್ನೆ ಬಲ ಇದ್ದವನು ಕಿತ್ತುಕೊಂಡನಾ, ಅಥವಾ ಏನಾದರೂ ಲೆಕ್ಕ ಇತ್ತಾ?

ಹಳೇ ವಕೀಲ:

ಲೆಕ್ಕ ಇತ್ತು ಮೇಡಂ, ಖಂಡಿತ ಇತ್ತು. ದಾವಣಗೆರೆ ಕಡೆ ಮೂವತ್ತು ವರ್ಷ ಪಾಲಿನ ದಾವೆ ನಡೆಸಿದವನು ನಾನು. ಈ ಕೇಸು ಮೊದಲ ಸಲ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಒಂದು ಮಾತು. ಇಂಗ್ಲಿಷ್ ಪುಸ್ತಕಗಳು ಇವರಿಬ್ಬರನ್ನೂ ರಾಜನ ಕಸಿನ್ ಅಂದು ಮುಗಿಸುತ್ತವೆ. ನೀವು ಸೋದರತ್ತೆ ಮಕ್ಕಳು ಅಂದ ಕೂಡಲೇ ಅರ್ಧ ಚಿತ್ರ ಸಿಕ್ಕಿತು. ಸತ್ತ ರಾಜನಿಗೆ ಇಬ್ಬರೂ ಒಂದೇ ದೂರದ ನೆಂಟರು.

ಈಗ ನಿಮ್ಮ ವಂಶವೃಕ್ಷದಲ್ಲಿ ಒಂದು ಕೊರತೆ ಇದೆ. ಸತ್ತ ವರ್ಷ ಎಲ್ಲರಿಗೂ ಬರೆಯಿರಿ, ಹೆಂಗಸರಿಗೂ. ಮಾರಿಯಾ ತಂಗಿಗಿಂತ ಬಹಳ ಮೊದಲೇ ತೀರಿಕೊಂಡಿದ್ದಳು. ಇಸಾಬೆಲ್ಲಾ 1264ರವರೆಗೆ ಇದ್ದಳು. ಇಡೀ ಜಗಳ ಇರುವುದು ಇಲ್ಲೇ.

ನಮ್ಮಲ್ಲಿ ಮಗನೋ ಮಗಳೋ ಅಪ್ಪನಿಗಿಂತ ಮೊದಲೇ ತೀರಿಕೊಂಡರೆ ಅವರ ಪಾಲು ಅವರ ಮಕ್ಕಳಿಗೆ ಬರುತ್ತದೆ. ಸತ್ತವರ ಜಾಗದಲ್ಲಿ ಮಕ್ಕಳು ನಿಲ್ಲುತ್ತಾರೆ. ಅಲ್ಲಿನ ಹೈಕೋರ್ಟು ಇದನ್ನು ಒಪ್ಪಲಿಲ್ಲ. (ಹೈಕೋರ್ಟು ಅಂದರೆ ರಾಜನ ಜಹಗೀರುದಾರರೆಲ್ಲ ಕೂತು ತೀರ್ಪು ಕೊಡುವ ಸಭೆ. ಹೆಸರೂ ಅದೇ ಅರ್ಥದ್ದು.) ಅವರ ಲೆಕ್ಕ ಬೇರೆ. ಕೊನೆಯದಾಗಿ ಸ್ವಾಧೀನದಲ್ಲಿ ಇದ್ದವರು ಯಾರು? ಅವರಿಗೆ ಇವತ್ತು ಬದುಕಿರುವ ಅತಿ ಹತ್ತಿರದ ನೆಂಟ ಯಾರು? ಇಬ್ಬರು ಸಮಾನ ಹತ್ತಿರದವರಾದರೆ ಅವರಲ್ಲಿ ವಯಸ್ಸಿನಲ್ಲಿ ಹಿರಿಯ ಯಾರು? ಅವರ ತಾಯಂದಿರಲ್ಲಿ ಯಾರು ಹಿರಿಯರು ಅಂತ ಕೇಳುವುದೇ ಇಲ್ಲ.

ಮೂರನೇ ಹ್ಯೂ ಚಿಕ್ಕಮ್ಮನ ಮಗ, ಆದರೆ ವಯಸ್ಸಿನಲ್ಲಿ ದೊಡ್ಡವನು. ಬ್ರಿಯೆನ್ ಹ್ಯೂ ದೊಡ್ಡಮ್ಮನ ಮಗ, ವಯಸ್ಸಿನಲ್ಲಿ ತಮ್ಮ. ನಮ್ಮ ಮನೆಗಳಲ್ಲೂ ದೊಡ್ಡಮ್ಮನ ಮಗ ಚಿಕ್ಕವನಾದರೆ ಅವನನ್ನು ಅಣ್ಣ ಅಂತ ಕರೆಯುವುದಿಲ್ಲ, ಅಲ್ವಾ?

ಇದು ಪಟ್ಟದ ದಿನ ದಿಢೀರಂತ ಎದ್ದ ವಾದವಲ್ಲ. 1264ರಲ್ಲೇ, ಜೆರುಸಲೇಮ್ ರಾಜ್ಯದ ಆಗಿನ ರಾಜಧಾನಿ ಆಕರ್ ಪಟ್ಟಣದಲ್ಲಿ, ಇವರಿಬ್ಬರೂ ಎದುರುಬದುರು ನಿಂತಿದ್ದರು. ಆಗಿನ ಪ್ರಶ್ನೆ ಆ ರಾಜ್ಯದ ಆಡಳಿತ ನೋಡಿಕೊಳ್ಳುವ ಹಕ್ಕು ಯಾರಿಗೆ ಅನ್ನುವುದು. ಇಸಾಬೆಲ್ಲಾ ಅದೇ ಹುದ್ದೆಯಲ್ಲಿದ್ದಾಗ ತೀರಿಕೊಂಡಿದ್ದಳು. ನನ್ನ ತಾಯಿ ಸ್ವಾಧೀನದಲ್ಲಿದ್ದು ಸತ್ತಳು, ನಾನು ಹಿರಿಯ ಅಂತ ಒಬ್ಬ. ನನ್ನ ತಾಯಿ ಅಕ್ಕ, ಹಕ್ಕು ಅವಳ ಕಡೆಯದು ಅಂತ ಇನ್ನೊಬ್ಬ. ಸಭೆ ಮೊದಲನೆಯವನನ್ನು ಎತ್ತಿ ಹಿಡಿಯಿತು. ಅಷ್ಟೇ ಅಲ್ಲ, 1261ರಿಂದ ಸೈಪ್ರಸ್‌ನ ಆಡಳಿತ ನಡೆಸುತ್ತಿದ್ದವನೂ ಅವನೇ. 1267ರಲ್ಲಿ ಹುಡುಗ ರಾಜ ಸತ್ತಾಗ ಎಲ್ಲ ಸಿದ್ಧವಾಗಿಯೇ ಇತ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಪಟ್ಟ ಕಟ್ಟಿಸಿಕೊಂಡ. ಅಪ್ಪನ ಮನೆತನದ ಹೆಸರು ಬಿಟ್ಟು ತಾಯಿಯ ಮನೆತನದ ಲೂಸಿನ್ಯಾನ್ ಹೆಸರನ್ನೇ ಇಟ್ಟುಕೊಂಡ.

ನನ್ನ ಮನಸ್ಸು ಮಾತ್ರ ಇವತ್ತಿಗೂ ಬ್ರಿಯೆನ್ ಹುಡುಗನ ಕಡೆಗೇ. ಅವನ ಅಪ್ಪ 1244ರ ಯುದ್ಧದಲ್ಲಿ ಸೆರೆಸಿಕ್ಕು ಕೈರೋದಲ್ಲಿ ಸತ್ತ. ತಾಯಿಯೂ ಬೇಗ ಹೋದಳು. ತಾಯಿ ಇನ್ನು ಹದಿನೈದು ವರ್ಷ ಬದುಕಿದ್ದರೆ ಕೇಸೇ ಬೇರೆಯಾಗುತ್ತಿತ್ತು. ಅವನು ದಕ್ಷಿಣ ಇಟಲಿಗೆ ಹೋಗಿ ಲೆಚ್ಚೆಯ ಜಹಗೀರು ಪಡೆದ. ಮಗ ಅಥೆನ್ಸ್‌ನ ಡ್ಯೂಕ್ ಆಗಿ 1311ರಲ್ಲಿ ಯುದ್ಧದಲ್ಲಿ ಸತ್ತ.

ನಾಣ್ಯಪೆಟ್ಟಿಗೆ:

ವಕೀಲರೇ, ಇದೇ ಪ್ರಶ್ನೆ ಅದೇ ಮನೆಯಲ್ಲಿ ಇನ್ನೊಂದು ಸಲ ಬಂತಲ್ಲ! ನಾಲ್ಕನೇ ಹ್ಯೂನ ಹಿರಿಯ ಮಗ 1343ರಲ್ಲಿ ಸತ್ತ. ಅವನಿಗೆ ಮಗನಿದ್ದ. ಮೊಮ್ಮಗ ಹಕ್ಕು ಕೇಳಿಯೇ ಕೇಳುತ್ತಾನೆ ಅಂತ ಮುದುಕನಿಗೆ ಗೊತ್ತಿತ್ತು. 1358ರಲ್ಲಿ, ತಾನು ಬದುಕಿರುವಾಗಲೇ ಇನ್ನೊಬ್ಬ ಮಗ ಪೀಟರ್‌ಗೆ ಕಿರೀಟ ಇಟ್ಟುಬಿಟ್ಟ.

ಆ ಪೀಟರ್‌ನ ಒಂದು ಬೆಳ್ಳಿ ನಾಣ್ಯ ನನ್ನ ಹತ್ತಿರ ಇದೆ. ನಾಲ್ಕೂವರೆ ಗ್ರಾಂ ತೂಕ. ಹಿಂದಿನ ರಾಜರು ಸಿಂಹಾಸನದಲ್ಲಿ ಕೂತು ರಾಜದಂಡ ಹಿಡಿದಿರುತ್ತಾರೆ. ಇವನ ಕೈಯಲ್ಲಿ ಕತ್ತಿ ಇದೆ. ತಿರುಗಿಸಿದರೆ ದೊಡ್ಡ ಶಿಲುಬೆ, ಅದರ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಶಿಲುಬೆ. ಅದು ಜೆರುಸಲೇಮ್‌ನ ಗುರುತು. ಆಕರ್ 1291ರಲ್ಲೇ ಕೈಬಿಟ್ಟಿತ್ತು, ಆ ರಾಜ್ಯವೇ ಇರಲಿಲ್ಲ. ಆದರೂ ಇಂಥ ನಾಣ್ಯದ ಮೇಲೆ ಆ ಹಕ್ಕು ಒತ್ತಿದ್ದಾರೆ. 1369ರಲ್ಲಿ ಇವನನ್ನು ಅರಮನೆಯಲ್ಲೇ ಕೊಂದರು. ನಾಣ್ಯ ಅಂಗೈಯಲ್ಲಿ ಇಟ್ಟುಕೊಂಡಾಗಲೆಲ್ಲ ಅದು ನೆನಪಾಗುತ್ತದೆ.

ಲಿಮಸೋಲ್‌ವಾಸಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಕೀಲ ಸರ್, ಇನ್ನೊಂದು ಪ್ರಶ್ನೆ. ಇಷ್ಟು ಲೆಕ್ಕ ನೋಡುವ ಮನೆತನದಲ್ಲಿ ಕೊನೆಗೆ ಶಾರ್ಲೆಟ್ ರಾಣಿಯನ್ನು ಓಡಿಸಿ ಜೇಮ್ಸ್ ರಾಜನಾದದ್ದು ಹೇಗೆ? ಒಬ್ಬನೇ ರಾಜನಿಗೆ ಅವಳು ಮದುವೆಯ ಮಗಳು, ಅವನು ಮದುವೆಯಿಲ್ಲದೆ ಹುಟ್ಟಿದ ಮಗ. ಫಮಗುಸ್ತಾದ ಆ ಚರ್ಚ್‌ನಲ್ಲಿ ಮಣ್ಣಾದವನು ಈ ಜೇಮ್ಸೇ ಅಂತೆ.

ಮತ್ತೆ, ಎಳೇ ಮಗು ರಾಜನಾದಾಗ ನೆಂಟರ ಕೈಗೆ ಕೊಟ್ಟರೆ ಅಪಾಯ ಅಲ್ವಾ?

ಹಳೇ ವಕೀಲ:

ಎರಡನೆಯದು ಮೊದಲು. ಆ ಅಪಾಯ ಅವರಿಗೂ ಗೊತ್ತಿತ್ತು. ಅವರ ಕಾನೂನು ಪುಸ್ತಕದಲ್ಲಿ ಒಂದು ಗಾದೆಯೇ ಇದೆ: ಕುರಿಮರಿಯ ಚರ್ಮ ಯಾರಿಗೆ ಸೇರಬೇಕೋ ಅವನ ಕೈಗೆ ಮರಿ ಕಾಯಲು ಕೊಡಬಾರದು. ಹಾಗಾಗಿ ಆಡಳಿತ ಹತ್ತಿರದ ವಾರಸುದಾರನಿಗೆ, ಮಗುವಿನ ಪಾಲನೆ ಹಕ್ಕಿಲ್ಲದ ಬೇರೆಯವರಿಗೆ. ಎಂಥ ಒಳ್ಳೆ ಏರ್ಪಾಡು ನೋಡಿ. ಪುಸ್ತಕದಲ್ಲಿ ಇದ್ದದ್ದು ಎಲ್ಲ ಸಲ ನಡೆಯಲಿಲ್ಲ, ಆ ಮಾತು ಬೇರೆ.

ಶಾರ್ಲೆಟ್ ವಿಷಯ. 1458ರಲ್ಲಿ ಅಪ್ಪ ಸತ್ತ. ಕಾನೂನು ಪ್ರಕಾರವೇ ಅವಳಿಗೆ ನಿಕೋಸಿಯಾದಲ್ಲಿ ಪಟ್ಟವಾಯಿತು. ಅವಳ ಹಕ್ಕಿನಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೆ 1426ರಲ್ಲಿ ಅವಳ ತಾತ ಜಾನಸ್ ಈಜಿಪ್ಟಿನ ಸೈನ್ಯದ ಕೈಗೆ ಸಿಕ್ಕಿಬಿದ್ದಿದ್ದ. ಬಿಡಿಸಿಕೊಳ್ಳಲು ದಂಡ ಕೊಟ್ಟರು, ಆಮೇಲೆ ವರ್ಷ ವರ್ಷ ಕಪ್ಪ. ಅಲ್ಲಿಂದ ಮುಂದೆ ಸೈಪ್ರಸ್‌ನ ಕಿರೀಟಕ್ಕೆ ಕೈರೋದ ಒಪ್ಪಿಗೆ ಬೇಕಾಯಿತು. ಜೇಮ್ಸ್ ಸೀದಾ ಅಲ್ಲಿಗೇ ಹೋದ. 1460ರಲ್ಲಿ ಸುಲ್ತಾನನ ಹಡಗುಗಳ ಜೊತೆ ಬಂದಿಳಿದ. ಶಾರ್ಲೆಟ್ ಕಿರೀನಿಯಾ ಕೋಟೆ ಸೇರಿಕೊಂಡಳು. ಕೋಟೆ ಸುಮಾರು ಮೂರು ವರ್ಷ ತಡೆದುಕೊಂಡಿತು. ಹಳೇ ಸಭೆಯ ಮುಂದೆ ಈ ಕೇಸು ಬಂದಿದ್ದರೆ ಅರ್ಧ ದಿನದಲ್ಲಿ ಅವಳ ಪರ ತೀರ್ಪು ಆಗುತ್ತಿತ್ತು. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಜೇಮ್ಸ್ 1473ರಲ್ಲಿ ಸತ್ತ. ಸತ್ತ ಮೇಲೆ ಹುಟ್ಟಿದ ಮಗು ವರ್ಷ ತುಂಬುವ ಹೊತ್ತಿಗೆ ಹೋಯಿತು. ವಿಧವೆ ಕ್ಯಾಥರೀನ್ ವೆನಿಸ್‌ನವಳು. 1489ರಲ್ಲಿ ವೆನಿಸ್ ಅವಳಿಂದ ದ್ವೀಪ ಬರೆಸಿಕೊಂಡಿತು. ಶಾರ್ಲೆಟ್ ರೋಮ್‌ನಲ್ಲಿದ್ದಳು. 1485ರಲ್ಲಿ ತನ್ನ ಹಕ್ಕನ್ನು ಗಂಡನ ಮನೆಯವರಾದ ಸವಾಯ್ ವಂಶಕ್ಕೆ ಬರೆದುಕೊಟ್ಟು, ಎರಡು ವರ್ಷಕ್ಕೆ ಕಣ್ಣು ಮುಚ್ಚಿದಳು. ಮುಂದೆ ಇಟಲಿಯ ರಾಜರಾದದ್ದು ಅದೇ ವಂಶ. ಅವರ ಪೂರ್ತಿ ಬಿರುದಿನಲ್ಲಿ ಸೈಪ್ರಸ್ ಮತ್ತು ಜೆರುಸಲೇಮ್ ಎರಡೂ ಇದ್ದವು.

ಲಿಮಸೋಲ್‌ವಾಸಿ:

ಸರ್, ಹಾಳೆ ತೆಗೆದು ಎಲ್ಲರ ಸತ್ತ ವರ್ಷ ಬರೆಯುತ್ತಿದ್ದೇನೆ. ಇಸಾಬೆಲ್ಲಾಳ ಮುಂದೆ 1264. ಮಾರಿಯಾಳ ಮುಂದೆ ಸದ್ಯಕ್ಕೆ "ತಂಗಿಗಿಂತ ಮೊದಲು" ಅಂತ ಬರೆದಿದ್ದೇನೆ. ಶನಿವಾರ ಕಿರೀನಿಯಾ ಕೋಟೆಗೆ ಹೊರಟಿದ್ದೇನೆ, ಫೋಟೋ ಹಾಕುತ್ತೇನೆ.