ಕ್ರೂಸರ್ ಬೈಕ್: ಮೆಕ್ಯಾನಿಕ್ ಅಣ್ಣನನ್ನು ಕೇಳಿ

ಮೆಕ್ಯಾನಿಕ್: ನಮಸ್ಕಾರ. ಇವತ್ತು ಗ್ಯಾರೇಜಿಗೆ ರಜ. ಕ್ರೂಸರ್, ಅಂದರೆ ಕಾಲು ಮುಂದೆ ಚಾಚಿ ಆರಾಮಾಗಿ ಕೂರುವ ಬೈಕ್ ಬಗ್ಗೆ ಏನಿದ್ದರೂ ಕೇಳಿ.

ಹಾಸನದ ಹುಡುಗ: ಅಣ್ಣಾ, ಹಾರ್ಲೆ ಡೇವಿಡ್ಸನ್ ಬೈಕಿನ ಶಬ್ದ ಯಾಕೆ ತಡವರಿಸಿದ ಹಾಗಿರುತ್ತೆ? ನನ್ನ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಗೆ ಸೈಲೆನ್ಸರ್ ಬದಲಿಸಿದರೆ ಬರುತ್ತಾ?

ಮೆಕ್ಯಾನಿಕ್: ಬರಲ್ಲ. ಹಾರ್ಲೆಯ ಹಳೇ ನಮೂನೆ ವಿ-ಟ್ವಿನ್‌ನಲ್ಲಿ V ಆಕಾರದಲ್ಲಿ ಕೂತ ಎರಡು ಸಿಲಿಂಡರ್ ನಡುವೆ 45 ಡಿಗ್ರಿ. ಎರಡೂ ಪಿಸ್ಟನ್‌ಗೆ ಕ್ರ್ಯಾಂಕ್‌ನಲ್ಲಿ, ಅಂದರೆ ಪಿಸ್ಟನ್ ತಿರುಗಿಸುವ ದಂಡದಲ್ಲಿ, ಒಂದೇ ಪಿನ್. ಒಂದು ಫೈರ್ ಆಗಿ ಕ್ರ್ಯಾಂಕ್ 315 ಡಿಗ್ರಿ ತಿರುಗಿದ ಮೇಲೆ ಇನ್ನೊಂದು, ಆಮೇಲೆ 405 ಡಿಗ್ರಿ ಕಾಯಬೇಕು. ಆ ಏರುಪೇರೇ ಅದರ ತಾಳ. 1994ರಲ್ಲಿ ಕಂಪನಿ ಆ ಶಬ್ದಕ್ಕೇ ಟ್ರೇಡ್‌ಮಾರ್ಕ್ ಕೇಳಿತ್ತು, 2000ದಲ್ಲಿ ಅರ್ಜಿ ವಾಪಸ್ ಪಡೆಯಿತು. ನಿಮ್ಮದು ಒಂಟಿ ಸಿಲಿಂಡರ್. ಗಲಾಟೆ ಜಾಸ್ತಿ ಆಗುತ್ತೆ ಅಷ್ಟೇ. ಪೊಲೀಸರು ಕಿತ್ತು ರೋಡ್ ರೋಲರ್ ಹತ್ತಿಸಿದರೆ ನನ್ನನ್ನು ಕೇಳಬೇಡಿ.

ಗಾಲಿಗಾಳಿ: ನಾನು 5 ಅಡಿ 2 ಇಂಚು. ಸೂಪರ್ ಮೀಟಿಯರ್ 650 ಆಸೆ. ಸೀಟು 740 ಮಿಮೀ, ಕಾಲು ಎಟಕುತ್ತೆ. ಆದರೆ 241 ಕೆಜಿ! ಸಂಭಾಳಿಸಬಹುದಾ?

ಕರಾವಳಿ ರೈಡರ್: ಮೀಟಿಯರ್ ಮೈಲೇಜ್ ಎಷ್ಟು ಸರ್?

ಮೆಕ್ಯಾನಿಕ್: ನಿಮ್ಮ ಬಲಗೈ ಕೇಳಿ.

ತುಮಕೂರು ಥಂಡರ್‌ಬರ್ಡ್: ಸರ್, ಸೆಕೆಂಡ್ ಹ್ಯಾಂಡ್ ಥಂಡರ್‌ಬರ್ಡ್ 500. ಹಿಂದಿನ ಓನರ್ ಎತ್ತರದ ಹ್ಯಾಂಡಲ್, ಹಿಂದೆ 150 ಮಿಮೀ ಅಗಲದ ಟೈರ್ ಹಾಕಿಸಿದ್ದಾರೆ. ನಾನು ದೊಡ್ಡ ಬಾಕ್ಸ್ ಕಟ್ಟಿಸಿದೆ. ಚಿತ್ರದುರ್ಗ ರೋಡಲ್ಲಿ 95 ದಾಟಿದರೆ ಹ್ಯಾಂಡಲ್ ಗಡಗಡ. ಮುಂದಿನ ವಾರ ಮನೆಯವರನ್ನು ಕೂರಿಸಿಕೊಂಡು ಹಂಪಿಗೆ ಹೋಗಬೇಕು. ವಾಟ್ಸಾಪಲ್ಲಿ ಬಂದಿತ್ತು: ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಫುಲ್ ಟೈಟ್ ಮಾಡಿ, ನೈಟ್ರೋಜನ್ ಹಾಕಿಸಿ, ಅಲುಗಿದರೆ ಮುಂದಿನ ಬ್ರೇಕ್ ಹಿಡಿಯಿರಿ ಅಂತ.

ಮೆಕ್ಯಾನಿಕ್: ಆ ಮೆಸೇಜ್ ಮೊದಲು ಅಳಿಸಿ. ಗಡಗಡ ಅಂದಾಗ ಮುಂದಿನ ಬ್ರೇಕ್ ಹಿಡಿದರೆ ತೂಕವೆಲ್ಲ ಅಲುಗುತ್ತಿರುವ ಚಕ್ರದ ಮೇಲೇ ಬೀಳುತ್ತೆ. ಆಕ್ಸಿಲರೇಟರ್ ನಿಧಾನವಾಗಿ ಬಿಡಿ. ಮಂಡಿಯಲ್ಲಿ ಟ್ಯಾಂಕ್ ಅದುಮಿ, ಮೈ ಮುಂದಕ್ಕೆ ಬಾಗಿಸಿ. ಹ್ಯಾಂಡಲ್ ಜೊತೆ ಗುದ್ದಾಡಬೇಡಿ.

ಕ್ರೂಸರ್‌ನಲ್ಲಿ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಓರೆಯಾಗಿ ಮುಂದಕ್ಕೆ ಚಾಚಿರುವುದೇ ನೇರ ರಸ್ತೆಯಲ್ಲಿ ಗಟ್ಟಿಯಾಗಿ ನಿಲ್ಲಲಿ ಅಂತ. ಅಂಥ ಗಾಡಿ 95ಕ್ಕೇ ಅಲುಗಿದರೆ ಎಲ್ಲೋ ಕೆಟ್ಟಿದೆ. ಮುಂದಿನ ಚಕ್ರ ಎತ್ತಿ ನಿಲ್ಲಿಸಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕಟಕ್ ಅಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಸಿಕ್ಕಿಕೊಂಡ ಹಾಗಾದರೆ ರೇಸ್‌ನಲ್ಲಿ, ಅಂದರೆ ಬೇರಿಂಗ್ ಗುಂಡು ಓಡುವ ದಾರಿಯಲ್ಲಿ, ಗುಂಡಿ ಬಿದ್ದಿದೆ, ಬದಲಿಸಲೇಬೇಕು. ಅದನ್ನು ಟೈಟ್ ಮಾಡಿದರೆ ನಿಧಾನಕ್ಕೆ ಹೋಗುವಾಗಲೂ ಗಾಡಿ ಓಲಾಡುತ್ತೆ. ಆಮೇಲೆ ಹಿಂದಿನ ಚಕ್ರ ಅಡ್ಡಡ್ಡ ಅಲ್ಲಾಡಿಸಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಶ್ ಸವೆದಿದೆಯಾ ನೋಡಿ. ಸ್ಪೋಕ್ ಸಡಿಲ ಇದೆಯಾ ತಟ್ಟಿ ನೋಡಿ.

ಟೈರ್ ಕಂಪನಿ ಕೊಟ್ಟ 120/80-18ಕ್ಕೇ ವಾಪಸ್ ಬನ್ನಿ. ಆ ರಿಮ್ಮಿಗೆ 150 ಹಾಕಿದರೆ ಅಂಚು ಹಿಂಡಿಕೊಂಡು ಟೈರಿನ ಆಕಾರವೇ ಕೆಡುತ್ತೆ. ಬಾಕ್ಸ್ ತೂಕ ಹಿಂದಿನ ಆಕ್ಸಲ್ ದಾಟಿದಷ್ಟೂ ಮುಂದಿನ ಚಕ್ರ ಹಗುರ. ಎತ್ತರದ ಹ್ಯಾಂಡಲ್ ಬೇರೆ. ಗಾಳಿ ಎದೆಗೆ ಬಡಿದಾಗ ನೀವು ಅದಕ್ಕೇ ಜೋತು ಬೀಳುತ್ತೀರಿ, ಆ ಎಳೆತವೂ ಚಕ್ರಕ್ಕೇ ಹೋಗುತ್ತೆ. ಇದೆಲ್ಲ ಸರಿಯಾಗುವವರೆಗೆ ಮನೆಯವರನ್ನು ಕೂರಿಸಬೇಡಿ.

ಯೆಜ್ಡಿ ಮಾವ: ನಿಜವಾದ ಕ್ರೂಸರ್ ಅಂದರೆ ನಮ್ಮ ಮೈಸೂರಿನ ಯೆಜ್ಡಿ ರೋಡ್‌ಕಿಂಗ್.

ಬುಲೆಟ್ ಭಕ್ತ: 250 ಸಿಸಿ ಟೂ ಸ್ಟ್ರೋಕ್ ಹೊಗೆಬತ್ತಿ ಕ್ರೂಸರ್ರಾ?

ಯೆಜ್ಡಿ ಮಾವ: ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ನನ್ನದು ಇವತ್ತೂ ಓಡುತ್ತೆ. ನಿಮ್ಮ ಬುಲೆಟ್ 1955ರಿಂದ ಮದ್ರಾಸಲ್ಲಿ ತಯಾರಾಗುತ್ತಾ ಬಂದಿದೆ, ಆಯಿಲ್ ಸೋರುವುದು ನಿಂತಿಲ್ಲ.

ಹುಬ್ಬಳ್ಳಿ ಗೌಡ್ರು: ಎರಡೂ ಅಲ್ಲ. ಕಾಲು ಮುಂದೆ ಚಾಚಿ ಕೂರುವ ಸುಖ ನಮ್ಮ ಮಧ್ಯಮ ವರ್ಗಕ್ಕೆ ತೋರಿಸಿದ್ದು 2001ರ ಬಜಾಜ್ ಎಲಿಮಿನೇಟರ್, ಆಮೇಲೆ ಅವೆಂಜರ್.

ಬುಲೆಟ್ ಭಕ್ತ: ಗೌಡ್ರೇ, ನಿಮ್ಮನ್ನು ಯಾರು ಕೇಳಿದರು?

ದಾವಣಗೆರೆ ಸದಸ್ಯ: ಹಳೇ ಹಾರ್ಲೆ ಸ್ಟ್ರೀಟ್ 750 ತಗೋಬಹುದಾ ಸರ್? ಬೆಲೆ ಇಳಿದಿದೆ.

ಮೆಕ್ಯಾನಿಕ್: ಇಳಿಯದೆ ಏನು. ಹಾರ್ಲೆ 2020ರಲ್ಲಿ ಇಲ್ಲಿಯ ತಯಾರಿಕೆ ನಿಲ್ಲಿಸಿತು. ಈಗ ಸ್ಪೇರ್, ಸರ್ವಿಸ್ ಹೀರೋ ಕೈಯಲ್ಲಿ. ನೀರಿನಲ್ಲಿ ತಣಿಯುವ ಎಂಜಿನ್, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿ ರೇಡಿಯೇಟರ್ ಫ್ಯಾನ್ ತಿರುಗುತ್ತಾ ನೋಡಿ. ಹೊಸ ದೊಡ್ಡ ಬೈಕ್ ದುಬಾರಿ ಅಂತಲೇ ಎಲ್ಲರೂ ಹಳೇದು ಹುಡುಕುತ್ತಾರೆ. 2025ರ ಸೆಪ್ಟೆಂಬರ್‌ನಿಂದ 350 ಸಿಸಿ ದಾಟಿದರೆ ಜಿಎಸ್‌ಟಿ 40%, ಒಳಗಿದ್ದರೆ 18%. ಬೆಲೆ ಬೀಳುತ್ತಲೇ ಇರುವ ಗಾಡಿ ಇದು. ಓಡಿಸುವ ಖುಷಿಗೆ ತಗೊಳ್ಳಿ, ದುಡ್ಡು ಹಾಕಿಡುವುದಕ್ಕಲ್ಲ.

ಶಿವಮೊಗ್ಗ ಸದಸ್ಯ: ಪೆಟ್ರೋಲಿಗೆ ಕರ್ಪೂರ ಹಾಕಿದರೆ ಪಿಕಪ್ ಬರುತ್ತಂತೆ?

ಮೆಕ್ಯಾನಿಕ್: ಕರ್ಪೂರ ಆರತಿಗೆ.

ಶಿವಮೊಗ್ಗ ಸದಸ್ಯ: ಟ್ಯಾಂಕಿನ ತುಕ್ಕಿಗೆ ಕೋಲಾ?

ಮೆಕ್ಯಾನಿಕ್: ಇನ್ನೊಂದು ಫಾರ್ವರ್ಡ್ ಬಂದರೆ ನಾನು ಎದ್ದು ಹೋಗುತ್ತೇನೆ.

ಗಾಲಿಗಾಳಿ: ನನ್ನ ಪ್ರಶ್ನೆ ಮೇಲೇ ಉಳಿದಿದೆ. ಯಾರಾದರೂ?

ಕರಾವಳಿ ರೈಡರ್: ಸರ್ ಮೈಲೇಜ್ ಹೇಳಲೇ ಇಲ್ಲ.

ತುಮಕೂರು ಥಂಡರ್‌ಬರ್ಡ್: ಸರ್, ನೋಡಿದೆ. ಕಟಕ್ ಅಂತು. ನಡುವೆ ಸಿಕ್ಕಿಕೊಳ್ಳುತ್ತಲೂ ಇದೆ. 80ರಲ್ಲೇ ಹೋದರೆ ನಡೆಯುತ್ತಾ?

ಮೆಕ್ಯಾನಿಕ್: ಇಲ್ಲ ಅಂದರೆ ಇಲ್ಲ. ಹಂಪಿಗೆ ಬಸ್ಸು ಹತ್ತಿ. ಸೋಮವಾರ ಗಾಡಿ ಎಲ್ಲಾದರೂ ಬಿಚ್ಚಿಸಿ.

ಯೆಜ್ಡಿ ಮಾವ: ರೋಡ್‌ಕಿಂಗ್ ಆಗಿದ್ದರೆ ಅಲುಗುತ್ತಲೇ ಇರಲಿಲ್ಲ.

ಬುಲೆಟ್ ಭಕ್ತ: ಸ್ಟಾರ್ಟೇ ಆಗುತ್ತಿರಲಿಲ್ಲ ಮಾವ.