ಮಗ್ಗದ ಹಾಡಿನ ವಿಡಿಯೋ ಮೂರನೇ ಸಲ ಕಟ್ ಮಾಡೀವಿ, ಒಬ್ಬೊಬ್ಬರು ಒಂದೊಂದು ಹೇಳ್ತಾರ. ಯಾವ ಮಾತು ತಗೋಬೇಕು?

ಬೆಟಗೇರಿ ಲಾಳಿ:

ಎಲ್ಲಾರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯಾಂವ, ಬಿ.ಎ. ಕಡೀ ಸೆಮಿಸ್ಟರ್, ಪತ್ರಿಕೋದ್ಯಮ ತಗೊಂಡೀನಿ. ಪ್ರಾಜೆಕ್ಟಿಗಂತ ನಾಕು ಮಂದಿ ಕೂಡಿ ಒಂದು ಹಾಡಿನ ವಿಡಿಯೋ ಮಾಡಾಕತ್ತೀವಿ. ಹಾಡು ಎಲ್ಲಿಂದಲೂ ತಂದದ್ದಲ್ಲ, ನಮ್ಮ ಕ್ಲಾಸಿನ ಹುಡುಗಿ ಬರದು ಹಾಡ್ಯಾಳ, ಆಕಿ ಅಣ್ಣ ಹಾರ್ಮೋನಿಯಂ ಬಾರಿಸ್ಯಾನ. 3 ನಿಮಿಷ 48 ಸೆಕೆಂಡ್ ಐತಿ. ಹಾಡಿರೋದು ಮಗ್ಗದ ಮ್ಯಾಲ. ನಮ್ಮ ಮನ್ಯಾಗ ಕುಣಿಮಗ್ಗ, ಅಂದ್ರ ನೆಲದಾಗ ಕುಣಿ ತೋಡಿ ಹೂಡಿದ ಕೈಮಗ್ಗ ಐತಿ, ಅಪ್ಪ ಇನ್ನೂ ಅದರಾಗ ಕುಂತು ಸೀರಿ ನೇಯ್ತಾನ. ನಾ ಸಣ್ಣಾಂವಿದ್ದಾಗ ಮುಂಜಾನೆ ಹಾಸಿಗ್ಯಾಗ ಇದ್ದಾಗನ ನಮ್ಮ ಓಣ್ಯಾಗ ನಾಕೂ ಕಡಿಂದ ಲಾಳಿ ಸಪ್ಪಳ ಕೇಳತಿತ್ತು. ಈಗ ನಮ್ಮನಿದು ಹಿಡದು ಮೂರು ಮಗ್ಗ ಉಳದಾವು. ಅದಕ್ಕ ಇದು ನನಗ ಬರೇ ಮಾರ್ಕ್ಸಿನ ಮಾತಲ್ಲ.

ಶೂಟ್ ಮಾಡಿದ್ದು ಮೊಬೈಲ್‌ನ್ಯಾಗ, ಎಡಿಟ್ ಮಾಡೋದು ಡಾವಿಂಚಿ ರಿಸಾಲ್ವ್ ಫ್ರೀ ಇರತೈತಲ್ಲ, ಅದರಾಗ. ಜಾಗ ಮೂರು: ನಮ್ಮ ಮಗ್ಗದ ಖೋಲಿ, ಭೀಷ್ಮ ಕೆರಿ ದಂಡಿ, ಲಕ್ಕುಂಡಿ.

ಮೊದಲನೇ ಕಟ್ ಕ್ಲಾಸಿನ್ಯಾಗ ತೋರಿಸಿದ್ವಿ. "ಮೆಲ್ಲಕ ಐತಿ, ಬೋರ್ ಆಗತೈತಿ" ಅಂದ್ರು. ರಾತ್ರಿ ಎಲ್ಲಾ ಕುಂತು ಎರಡನೇ ಕಟ್‌ನ್ಯಾಗ 140 ಶಾಟ್ ಹಾಕಿದೆ. ಅದನ್ನ ನೋಡಿ ನಮ್ಮ ಮೇಡಂ "ಕಣ್ಣು ತಿರುಗತಾವಪಾ, ಕಥಿ ಎಲ್ಲೈತಿ?" ಅಂದ್ರು. ಒಬ್ಬ ಗೆಳೆಯ ಸ್ಲೋ ಮೋಷನ್ ಹಾಕು ಅಂತಾನ, ಇನ್ನೊಬ್ಬ ಬಣ್ಣ ಬದಲು ಮಾಡು ಅಂತಾನ. ನಮ್ಮ ತಂಗಿ ಹಾಡಿನ ಶಬ್ದಗಳು ಪರದೆ ಮ್ಯಾಲ ಬರಬೇಕು ಅಂತಾಳ. ಮೂರನೇ ಕಟ್‌ನ್ಯಾಗ ಎಲ್ಲಾರ ಮಾತೂ ಸ್ವಲ್ಪ ಸ್ವಲ್ಪ ಇಟ್ಟೆ. ಈಗ ಅದು ನನಗ ಯಾರದೋ ವಿಡಿಯೋ ಇದ್ದಂಗ ಕಾಣತೈತಿ.

ನನಗ ಗೊತ್ತಾಗಿರೋ ತಪ್ಪು ಹೇಳಿಬಿಡತೀನಿ. ಒಂದು, ಹಾಡು ಮುಂದ ಹೋದಂಗ ಬಾಯಿಗೂ ದನಿಗೂ ಕೂಡೋದಿಲ್ಲ. ಎರಡು, ಮಗ್ಗದ ಖೋಲ್ಯಾಗ ಟ್ಯೂಬ್‌ಲೈಟ್ ಇರೋದಕ್ಕ ಕರೇ ಪಟ್ಟಿ ಪಟ್ಟಿ ಓಡ್ಯಾಡತಾವು. ಮೂರು, 1:40 ರಿಂದ 2:20 ರ ತನಕ ಏನೋ ಜೋತು ಬಿದ್ದಂಗ ಐತಿ, ಯಾಕ ಅಂತ ತಿಳಿವಲ್ದು.

ಮನ್ಯಾಗೂ ತೋರಿಸಿದೆ. ಅಪ್ಪ ನೋಡಿದ, ಏನೂ ಅನ್ನಲಿಲ್ಲ, ಎದ್ದು ಹೋಗಿ ಮಗ್ಗದಾಗ ಇಳದ. ಅವ್ವ ಮಾತ್ರ, "ನಿಮ್ಮಪ್ಪ ಎಡಗೈಯಾಗ ಯಾವಾಗ ಹಗ್ಗ ಜಗ್ಗ್ಯಾನ? ಮತ್ತ ಮೊದಲ ಒಂದು ಗೇಣು ನೇಯ್ದದ್ದು ಆಮ್ಯಾಲ ನಾಕು ಬಟ್ಟು ಹೆಂಗಾತು?" ಅಂದ್ಲು. ಹಾಡಾಕಿ ಕಡೆ ಅಪ್ಪನ ಮುಖ ಬರಲಿ ಅಂತ ಆ ಶಾಟ್ ಕನ್ನಡಿಯಾಗ ಕಂಡಂಗ ಎಡಾ-ಬಲಾ ಉಲ್ಟಾ ಮಾಡಿದ್ದೆ. ಉಳದವರು ಯಾರೂ ಗುರುತು ಹಿಡದಿರಲಿಲ್ಲ. ಕಡೀಕ ಆಕಿ ಇನ್ನೊಂದು ಕೇಳಿದ್ಲು: "ಎಳಿ ಹರದದ್ದು ಎಲ್ಲೂ ತೋರ್ಸಿಲ್ಲಲ್ಲ?"

ಕೊಡಾಕ ಇನ್ನ 12 ದಿನ ಐತಿ. ಇದರಾಗ ಯಾರ ಮಾತು ಹಿಡೀಲಿ?

*

ಹುಬ್ಳಿ ಲಗ್ನದ ಕ್ಯಾಮೆರಾ:

ತಮ್ಮಾ, ನಾ ಹುಬ್ಬಳ್ಳ್ಯಾಗ ಲಗ್ನದ ವಿಡಿಯೋ ಮಾಡಾಂವ. ಕಥಿ ವಿಚಾರ ಉಳದವರು ಹೇಳಲಿ, ಮೊದಲ ಸೋರೋ ಮನಿ ಹೊದಿಸೋಣು.

ಟ್ಯೂಬ್‌ಲೈಟ್ ಪಟ್ಟಿ: ನಮ್ಮ ದೇಶದಾಗ ಕರೆಂಟ್ 50 ಹರ್ಟ್ಸ್. ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕತೈತಿ, ಕಣ್ಣಿಗೆ ಕಾಣೂದಿಲ್ಲ, ಕ್ಯಾಮೆರಾಕ್ಕ ಕಾಣತೈತಿ. ಮೊಬೈಲ್ ತನ್ನಷ್ಟಕ್ಕ ಶಟರ್, ಅಂದ್ರ ಒಂದೊಂದು ಚಿತ್ರಕ್ಕ ಬೆಳಕು ತಗೋಳೋ ಹೊತ್ತು, 1/60 ಸೆಕೆಂಡ್ ಇಟ್ಕೊಂಡರ ಪಟ್ಟಿ ಬಂದ ಬರತಾವು. ಪ್ರೋ ಮೋಡ್‌ನ್ಯಾಗ ಹೋಗಿ ಶಟರ್ 1/50 ಇಲ್ಲಾ 1/100 ಇಡು, ಫ್ರೇಮ್ ರೇಟ್, ಅಂದ್ರ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು, 25 ಇಡು. ತೆಗೆದಿಟ್ಟ ಶಾಟಿನ್ಯಾಗ ಆ ಪಟ್ಟಿ ಅಳಸಾಕ ತ್ರಾಸು ತಗೋಬ್ಯಾಡ. ನಿಮ್ಮಪ್ಪಾರು ದಿನಾ ಮನ್ಯಾಗ ನೇಯ್ತಾರಲ್ಲ, ಮತ್ತೊಮ್ಮೆ ತಗಿ. ಆದರ ಟ್ಯೂಬ್ ಆರಿಸು. ಮುಂಜಾನೆ ಕಿಟಕಿ ತಗದು ಬಂದ ಬೆಳಕಿನ್ಯಾಗ ನೂಲಿನ ಎಳಿ ಒಂದೊಂದೂ ಕಾಣಿಸ್ತೈತಿ, ಅಂಥಾ ಬೆಳಕು ರೊಕ್ಕ ಕೊಟ್ಟರೂ ಸಿಗಂಗಿಲ್ಲ.

ಬಾಯಿ-ದನಿ ಕೂಡದ್ದು: ಶುರುವಿನಿಂದ ಕಡೀತನಕ ಒಂದ ಅಳತಿ ಹಿಂದ ಇದ್ದರ ಅದು ಶೂಟ್ ಮಾಡುವಾಗ ಹಾಡು ಹಚ್ಚೋ ಬ್ಲೂಟೂತ್ ಸ್ಪೀಕರಿನ ತಪ್ಪು. ಮುಂದ ಹೋದಂಗ ಹೆಚ್ಚ್ಯಾಗತೈತಿ ಅಂದ್ರ ಮೊಬೈಲಿನ ತಪ್ಪು. ಮೊಬೈಲ್ 30 ಫ್ರೇಮ್ ಅಂತ ತೋರಿಸಿದರೂ ಬೆಳಕು ಕಮ್ಮಿ ಆದಾಗ ಎಷ್ಟೋ ಫ್ರೇಮ್ ಬಿಡತೈತಿ. ಹ್ಯಾಂಡ್‌ಬ್ರೇಕ್ ಅಂತ ಫ್ರೀ ಸಾಫ್ಟ್‌ವೇರ್ ಐತಿ, ಅದರಾಗ ಕಾನ್‌ಸ್ಟಂಟ್ ಫ್ರೇಮ್ ರೇಟ್, ಅಂದ್ರ ಒಂದ ಸಮನ ಫ್ರೇಮ್ ಬರೋದು, ಆರಿಸಿ ಎಲ್ಲಾ ಕ್ಲಿಪ್ ಮೊದಲ ಪರಿವರ್ತನೆ ಮಾಡಿ, ಆಮ್ಯಾಲ ಟೈಮ್‌ಲೈನಿಗೆ ತಗೋ. ಹಾಡಿನ ಫೈಲ್ 48 ಕಿಲೋಹರ್ಟ್ಸ್ ಮಾಡ್ಕೋ. ಶೂಟ್ ಮಾಡುವಾಗ ಮೊಬೈಲಿನ್ಯಾಗ ದಾಖಲಾದ ದನಿ ಅಳಸಬ್ಯಾಡ. ಸ್ಪೀಕರ್ ತಡಾ ಮಾಡಿದರೂ ಹಾಡಾಕಿ ತನಗ ಕೇಳಿದ್ದಕ್ಕನ ತುಟಿ ಕೂಡಿಸಿರತಾಳ. ಅದಕ್ಕ ಆ ದನಿಯ ಅಲಿ ನೋಡ್ಕೋಂತ ಅಸಲಿ ಹಾಡು ಕೂಡಿಸಿದರ ತುಟಿ ತಾನ ಕೂಡತೈತಿ.

ಇನ್ನೊಂದು. ಲಕ್ಕುಂಡಿ ಗುಡಿ ಪುರಾತತ್ವ ಇಲಾಖೆ ರಕ್ಷಣೆಯಾಗ ಅದಾವು. ಟ್ರೈಪಾಡ್ ಇಟ್ಟು ಶೂಟ್ ಮಾಡಾಕ ಮೊದಲ ಪರವಾನಗಿ ಬೇಕು. ತಗೊಂಡಿದ್ರ ಚಲೋ, ಇಲ್ಲಾಂದ್ರ ಆ ಶಾಟ್ ಹಾಕಬ್ಯಾಡ.

*

ಸಾಧನಕೇರಿ ಮಳಿ:

ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಧಾರವಾಡದಾಗ ಹುಡುಗರಿಗೆ ಎಡಿಟಿಂಗ್ ಕಲಸ್ತೀನಿ, ಹಿಂಗಾಗಿ ಇಂಥಾ ಮೂರನೇ ಕಟ್ ಭಾಳ ನೋಡೇನಿ.

ನೋಡಿದವರು ಹೇಳೋ ಮಾತಿನ್ಯಾಗ ಎರಡು ಇರ್ತಾವ. ಎಲ್ಲಿ ನೋವಾತು ಅನ್ನೋದು ಒಂದು, ಏನು ಔಷಧ ಅನ್ನೋದು ಇನ್ನೊಂದು. "ಬೋರ್ ಆತು" ಅಂದದ್ದು ಖರೇ, ಅವರಿಗೆ ಆಗ್ಯದ. "ಸ್ಲೋ ಮೋಷನ್ ಹಾಕು" ಅನ್ನೋದು ಅವರ ಔಷಧ, ಅದನ್ನ ನೀವು ತಗೋಬೇಕಂತಿಲ್ಲ. ನೀವು ಎಲ್ಲಾರ ಔಷಧಾನೂ ಒಮ್ಮೆಲೆ ಕುಡದೀರಿ. ಅದಕ್ಕ ವಿಡಿಯೋ ನಿಮ್ಮದಲ್ಲ ಅನ್ನಿಸ್ಲಿಕ್ಕತ್ತದ.

ಇನ್ನ ಮುಂದ ಇಡೀ ಕ್ಲಾಸಿಗೆ ಒಮ್ಮೆ ತೋರಸಬ್ಯಾಡ್ರಿ. ಹತ್ತು ಮಂದಿ ಕೂಡಿದಾಗ ಒಬ್ಬ ಮೆಲ್ಲಗದ ಅಂದ್ರ ಉಳದವರೂ ಅದನ್ನ ಹೇಳ್ತಾರ. ಒಬ್ಬೊಬ್ಬರನ್ನ ಕೂಡಿಸ್ರಿ, ನೀವು ಬಾಜೂಕ ಕೂಡ್ರಿ, ಪರದೆ ನೋಡಬ್ಯಾಡ್ರಿ, ಅವರ ಮಾರಿ ನೋಡ್ರಿ. ಎಲ್ಲಿ ಕಣ್ಣು ಸರೀತು, ಎಲ್ಲಿ ಮೊಬೈಲಿಗೆ ಕೈ ಹೋತು, ಎಲ್ಲಿ ಕುರ್ಚಿ ಮುಂದ ಜಗ್ಗಿದರು, ಆ ಹೊತ್ತು ಬರಕೊಳ್ರಿ. ಮುಗದ ಮ್ಯಾಲೆ ಹೆಂಗದ ಅಂತ ಕೇಳಬ್ಯಾಡ್ರಿ, ಚಲೋ ಅದ ಅಂತಾರ ಅಷ್ಟೇ. "ಯಾವ ಚಿತ್ರ ನೆನಪದ?" ಅಂತ ಕೇಳ್ರಿ. ಐದು ಮಂದಿಯೊಳಗ ಮೂರು ಮಂದಿಗೆ ನೆನಪಿದ್ದದ್ದನ್ನ ಮುಟ್ಟಬ್ಯಾಡ್ರಿ. ಯಾರಿಗೂ ನೆನಪಿಲ್ಲದ್ದು ಹೋದರ ಹೋಗ್ಲಿ.

ಆದರ ನಿಮಗ ಎಲ್ಲಾಕಿಂತ ಚಲೋ ಮಾತು ಹೇಳಿದವರು ನಿಮ್ಮ ತಾಯಿಯವರು. ಬಲಗೈಯಾಗ ಹಗ್ಗ, ಎಡಗೈಯಾಗ ನೂಲು ಬಡದು ಕೂಡಸೋ ಹಣಿಗಿ, ಇದು ಅವರು ದಿನಾ ನೋಡೋ ದೇಹ. ಅದನ್ನ ಉಲ್ಟಾ ಮಾಡಿದ ಕೂಡಲೆ ಅವರಿಗೆ ಅದು ನಿಮ್ಮಪ್ಪ ಅಲ್ಲ, ಯಾರೋ ಬ್ಯಾರೆ ಮನಷ್ಯಾ ಆದರು. ಮ್ಯಾಲೆ ನೇಯ್ದ ಅಳತಿ ಹಿಂದ ಮುಂದ ಆದದ್ದು. ನಿಮ್ಮ ಮೇಡಂ ಕಥಿ ಎಲ್ಲಿ ಅಂತ ಕೇಳ್ಯಾರಲ್ಲ, ಸೀರಿ ಬೆಳಿಯೋದ ಕಥಿ ಅದ. ಮೊದಲನೇ ಶಾಟಿನ್ಯಾಗ ನಾಕು ಬಟ್ಟು, ಕಡೀಕ ಒಂದು ಗೇಣು. ಬ್ಯಾರೆ ನಾಯಕ ನಾಯಕಿ ಹುಡುಕೋದು ಬ್ಯಾಡ.

ಎಳಿ ಹರದ ಶಾಟ್ ಇದ್ರ ಅದನ್ನ ಹುಡುಕಿ ತಗೀರಿ. 1:40 ಕ್ಕ ಯಾಕ ಜೋತು ಬೀಳ್ತದ ಅಂತ ಆಮ್ಯಾಲೆ ಮಾತಾಡೋಣ. ಅಲ್ಲಿ ಈಗ ಏನದ?

*

ಬೆಟಗೇರಿ ಲಾಳಿ:

ಅಕ್ಕಾರ, 1:40 ಕ್ಕ ಪಲ್ಲವಿ ಮೂರನೇ ಸಲ ಬರತೈತಿ. ಅಲ್ಲಿ ಲಕ್ಕುಂಡಿ ಗುಡಿ ಕಂಬ, ಹಾಡಾಕಿ ನಡದು ಬರೋದು, ಮತ್ತ ಭೀಷ್ಮ ಕೆರಿ. ಪರವಾನಗಿ ನಾವು ತಗೊಂಡಿದ್ದಿಲ್ಲ, ಕೈಯಾಗ ಹಿಡದ ತಗದೀವಿ.

ಎಳಿ ಹರದದ್ದು ಇತ್ತು. ಅಪ್ಪಗ ಸ್ಪೀಕರ್ ಹಚ್ಚಿ "ಈ ಹಾಡಿನ ತಾಳಕ್ಕ ನೇಯಿ" ಅಂದಿದ್ವಿ. ಅದರ ಜೋಡಿ ಹೊಂದಿಸಾಕ ಹೋಗಿ ಎಳಿ ಹರೀತು. ಕೆಟ್ಟ ಶಾಟ್ ಅಂತ ಫೋಲ್ಡರ್‌ನ್ಯಾಗ ಬ್ಯಾರೆ ಇಟ್ಟಿದ್ದೆ. ನಿನ್ನೆ ತಗದು ನೋಡಿದೆ, 41 ಸೆಕೆಂಡ್ ಐತಿ. ಅಪ್ಪ ನಿಂದ್ರಸತಾನ. ಹಾಸಿನ ಮ್ಯಾಲ, ಅಂದ್ರ ಮಗ್ಗಕ್ಕ ಉದ್ದಕ ಬಿಗದ ಎಳಿಗಳ ಮ್ಯಾಲ, ಬಾಗಿ ಹರದ ತುದಿ ಹುಡುಕತಾನ, ಕಣ್ಣಿನಿಂದ ಅಲ್ಲ, ಬೆರಳ ತುದಿಯಿಂದ. ಸಣ್ಣ ತುಂಡು ನೂಲು ತಗೊಂಡು ಹಣಿಗಿ ಸಂದ್ಯಾಗ ತೂರಸತಾನ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೂ ತುದಿ ಹೊಸೀತಾನ. ಹೊಸದ ಮ್ಯಾಲ ಅದರ ಮ್ಯಾಲ ಒಮ್ಮೆ ಬೆರಳು ಎಳದು ನೋಡತಾನ. ಆಮ್ಯಾಲ ಕ್ಯಾಮೆರಾ ಕಡೆ ನೋಡಿ ಹೂಂ ಅಂತಾನ, ಮುಂದುವರಸಲಿ ಅಂತ. ಆ ಎಳಿ ಎಲ್ಲಿ ಹರದಿತ್ತು ಅಂತ ನಾ ಎಷ್ಟು ಝೂಮ್ ಮಾಡಿದರೂ ನನಗ ಕಾಣಲಿಲ್ಲ.

ಇದು ಹಾಡಿನ ನಡಕ ಹೆಂಗ ಕೂಡತೈತಿ? ತಾಳ ತಪ್ಪತೈತಲ್ಲ.

*

ಹಾವೇರಿ ಮಾಸ್ತರ:

ಮಗಾ, ನಾನು ಹಾವೇರಿ ಕಡೆ ಊರೂರಿಗೆ ಹೋಗಿ ಭಜನಿ ಹುಡುಗರಿಗೆ ತಬಲಾ ಕಲಸಾಂವ. ವಿಡಿಯೋ ನನಗ ತಿಳಿಯಂಗಿಲ್ಲ, ಲಯದ ಬಗ್ಗೆ ಎರಡು ಮಾತು ಹೇಳ್ತೀನಿ.

ನಿಮ್ಮ ಹಾಡಿನ ನಡಿಗೆ ಎಷ್ಟು ಅಂತ ಅಳದೀಯೇನು? ನಿಮಿಷಕ್ಕ 100 ಪೆಟ್ಟು ಅಂತ ಹಿಡಿ. ಒಂದು ಮಾತ್ರೆಗೆ, ಅಂದ್ರ ಒಂದು ಪೆಟ್ಟಿಗೆ, 0.6 ಸೆಕೆಂಡ್ ಆತು. ಮ್ಯಾಲಿನ ತಮ್ಮ ಹೇಳಿದ 25 ಫ್ರೇಮಿನ ಲೆಕ್ಕದಾಗ ಮಾತ್ರೆಗೆ 15 ಫ್ರೇಮ್. ಎಂಟು ಮಾತ್ರೆ ಠೇಕಾ, ಅಂದ್ರ ತಬಲಾದಾಗ ತಿರುಗಿ ತಿರುಗಿ ಬರೋ ತಾಳದ ನುಡಿ, ಒಂದು ಸುತ್ತು ಬರಬೇಕಂದ್ರ 4.8 ಸೆಕೆಂಡ್. 140 ಶಾಟ್ ಅಂದ್ರ ಹೆಚ್ಚೂಕಮ್ಮಿ ಒಂದೂವರೆ ಸೆಕೆಂಡಿಗೆ ಒಂದು ಚಿತ್ರ ಬಂತು. ಕೇಳಾಂವ ಸಮ್, ಅಂದ್ರ ಸುತ್ತಿನ ಮೊದಲ ಪೆಟ್ಟು, ಬರೋದಕ್ಕ ಕಾಯ್ತಿರತಾನ, ಅಷ್ಟರಾಗ ನೀ ಮೂರು ಸಲ ಚಿತ್ರ ಬದಲಿಸಿರತೀ. ಪ್ರತಿ ಪೆಟ್ಟಿಗೂ ಚಿತ್ರ ಕಡಿಯೋದು ಪ್ರತಿ ಮಾತ್ರೆಗೂ ತಿಹಾಯಿ, ಅಂದ್ರ ಮೂರು ಸಲ ಬಾರಿಸಿ ಮುಗಸೋ ನುಡಿ, ಹೊಡದಂಗ. ಸಮ್‌ಗೆ ಕಡಿ, ಮತ್ತ ಆ ಪೆಟ್ಟಿಗೆ ಹಣಿಗಿ ಬಂದು ಬಡಿಯೋದು ಕೂಡಿಸು. ಸಪ್ಪಳ ಒಂದ ಜಾಗಾದಾಗ ಕೂಡಿದರ ಸಾಕು, ಉಳದದ್ದನ್ನ ಕಿವಿ ತಾನ ಹೊಂದಿಸ್ಕೋತೈತಿ.

ಎರಡನೇದು ಹೇಳಲೇಬೇಕು. ನಿಮ್ಮಪ್ಪಗ ಹಾಡಿನ ತಾಳಕ್ಕ ನೇಯಿ ಅಂದದ್ದು ತಪ್ಪಾತು. ಅವರ ಕೈಕಾಲಿಗೆ ವರ್ಷಾನುಗಟ್ಟಲೆ ಒಂದು ಲಯ ಕುಂತಿರತೈತಿ. ವಿದ್ಯುತ್ ಮಗ್ಗ ಒಂದ ಅಳತಿಗೆ ಓಡತೈತಿ, ಕೈಮಗ್ಗ ನೂಲು ನೋಡಿ ನಡೀತೈತಿ, ಒಮ್ಮೆ ಬಿಗಿ, ಒಮ್ಮೆ ಸಡಲ. ಹಾಡು ಅವರ ಬೆನ್ನು ಹತ್ತಬೇಕು, ಅವರು ಹಾಡಿನ ಬೆನ್ನು ಹತ್ತಬಾರದು. ಹಾಡು ಆಗಲೇ ದಾಖಲಾಗೇತಿ ಅಂತೀ. ಹಂಗಾರ ಶುರುವಿಗೆ ಹಾಡು ಇರದ ಬರೇ ಮಗ್ಗ ಕೇಳಸು, ಅವರದ ನಡಿಗ್ಯಾಗ. ಆಮ್ಯಾಲ ಹಾರ್ಮೋನಿಯಂ ಬರಲಿ. ಎಳಿ ಹರಿಯೋ ಜಾಗಾದಾಗ ಹಾಡ ನಿಂದ್ರಸು. ತಾಳ ತಪ್ಪಲಿಲ್ಲ ಅದು, ಬಿಡುವು ಕೊಟ್ಟಂಗ. ಬಿಡುವು ಮುಗದು ಸಮ್‌ಗೆ ಮತ್ತ ಹಾಡು ಎತ್ತಿಕೊಂಡರ ಕೇಳಾಂವ ಹಗೂರ ಉಸಿರು ಬಿಡತಾನ.

*

ಬೆಟಗೇರಿ ಲಾಳಿ:

ಐದು ದಿನ ಆತು, ಏನೇನು ಮಾಡಿದೆ ಹೇಳತೀನಿ.

ಲಗ್ನದ ಕ್ಯಾಮೆರಾ ಅಣ್ಣಾರ, ಕ್ಲಿಪ್ ಎಲ್ಲಾ ಪರಿವರ್ತನೆ ಮಾಡಿದ ಮ್ಯಾಲ ತುಟಿ ಕೂಡಿತು. ನಿಮಗ ಭಾಳ ಉಪಕಾರ. ಮಗ್ಗದ ಖೋಲ್ಯಾಗ ಮತ್ತ ಮುಂಜಾನೆ ಏಳಕ್ಕ ಶೂಟ್ ಮಾಡಿದ್ವಿ, ಟ್ಯೂಬ್ ಆರಿಸಿ. ಕಿಟಕಿ ಬೆಳಕು ಹಾಸಿನ ಮ್ಯಾಲ ಬಿದ್ದಾಗ ನೂಲಿನ ಧೂಳು ತೇಲೋದು ಸೈತ ಕಾಣತೈತಿ. ಈ ಸಲ ಅಪ್ಪಗ ಏನೂ ಹೇಳಲಿಲ್ಲ, ಸ್ಪೀಕರೂ ಹಚ್ಚಲಿಲ್ಲ. ಎಣಿಸಿದೆ, ನಿಮಿಷಕ್ಕ 84 ಪೆಟ್ಟು ಹಾಕತಾನ. ನಮ್ಮ ಹಾಡು 100 ಇತ್ತು. ಹಾಡಾಕಿಗೆ ಕೇಳಸಿದೆ. ಆಕಿ ಸುಮ್ಮನ ಕುಂತು ಕೇಳಿ, "ಮತ್ತ ಹಾಡೋಣು" ಅಂದ್ಲು. ನಿನ್ನೆ ಮಗ್ಗದ ಬಾಜೂಕ ಕುಂತು 84 ಕ್ಕ ಹಾಡ್ಯಾಳ. ಪಲ್ಲವಿ ಮೂರನೇ ಸಲ ಬರೋದು ತಗದೀವಿ, ಅದಕ್ಕ ಹಾಡು ಮೆಲ್ಲಕ ಆದರೂ ಉದ್ದ ಆಗಿಲ್ಲ. ಮಾಸ್ತರ, ನಿಮ್ಮ ಮಾತಿಲ್ಲದ ಇದು ಆಗತಿದ್ದಿಲ್ಲ.

ಲಕ್ಕುಂಡಿ ಪೂರಾ ತಗದುಬಿಟ್ಟೆ. ಗುಡಿ ಛಂದ ಅದಾವು, ಆದರ ಈ ಹಾಡಿನ್ಯಾಗ ಅವಕ್ಕ ಕೆಲಸ ಇರಲಿಲ್ಲ. ಈಗ ಒಟ್ಟು 38 ಶಾಟ್. ಸೀರಿ ನಾಕು ಬಟ್ಟಿನಿಂದ ಶುರು ಆಗತೈತಿ.

ಎಳಿ ಹರದ 41 ಸೆಕೆಂಡಿನ್ಯಾಗ 11 ಸೆಕೆಂಡ್ ಇಟ್ಟೀನಿ, ನಡಕ ಎಲ್ಲೂ ಕಡಿದಿಲ್ಲ. ಹಾಡು ನಿಲ್ಲತೈತಿ, ಹೊರಗಿನ ಸೈಕಲ್ ಗಂಟಿ ಸಪ್ಪಳ ಕೇಳತೈತಿ, ಅದನ್ನೂ ಬಿಟ್ಟೀನಿ. ಮೇಡಂ ನೋಡಿ "7 ಸೆಕೆಂಡ್ ಸಾಕಿತ್ತು" ಅಂದ್ರು. ಗೆಳೆಯ ಇಬ್ಬರೂ ಹಂಗ ಅಂದ್ರು. ನನಗ 11 ಬೇಕನಿಸತೈತಿ. ಬೆರಳು ಎಳದು ನೋಡೋದು ಎಂಟನೇ ಸೆಕೆಂಡಿಗೆ ಬರತೈತಿ.

*

ಸಾಧನಕೇರಿ ಮಳಿ:

ಹಂಗಾದ್ರ 7 ಮಾಡಿದರ ಬೆರಳು ಎಳದು ನೋಡೋದು ಹೋಗ್ತದ. ಮೇಡಂಗೆ ಅಷ್ಟ ಹೇಳ್ರಿ, ಒಪ್ಪಬಹುದು. ಬೇಕಾದ್ರ ಶುರುವಿನ ಎರಡು ಸೆಕೆಂಡ್ ತಗದು 9 ಮಾಡ್ರಿ, ಕಡೀದು ಮಾತ್ರ ಮುಟ್ಟಬ್ಯಾಡ್ರಿ. ಒಬ್ಬೊಬ್ಬರಿಗೆ ತೋರಸಿದಿರೇನು?

*

ಬೆಟಗೇರಿ ಲಾಳಿ:

9 ಮಾಡಿ ನೋಡಿದೆ ಅಕ್ಕಾರ, ಕೂಡತೈತಿ. ಅವ್ವಗ ತೋರಿಸಿದೆ. ಎಳಿ ಹೊಸಿಯೋ ಹೊತ್ತಿಗೆ ಆಕಿ ಬೆರಳೂ ತೊಡಿ ಮ್ಯಾಲ ಹಂಗ ಆಡಾಕತ್ತಿದ್ವು. ಅಪ್ಪ ಇನ್ನೂ ನೋಡಿಲ್ಲ, ಮಗ್ಗದಿಂದ ಸೀರಿ ಇಳಸೋದು ಐತಿ, ಮುಗೀಲಿ ಅಂದಾನ. ನಾಳಿ ಬಾಜೂ ಮನಿ ಅಜ್ಜಿನ ಕೂಡಸತೀನಿ. ಆಕಿ ಸಣ್ಣಾಕಿದ್ದಾಗಿಂದ ಲಾಳ್ಯಾಗ ಇಡೋ ನೂಲಿನ ಕಂಡಕಿ ಸುತ್ತಾಕಿ, ಮೊಬೈಲ್ ಸಣ್ಣದಾಗತೈತಿ ಅಂತ ಟೀವಿಗೆ ಹಚ್ಚಾಕ ವೈರ್ ಕೇಳಿ ತಂದೀನಿ.